ಮೊದಲಕ್ಷರದ ಡಬ್ಬಿ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಾನು ವಿಜ್ಞಾನ ಓದಿದವಳಲ್ಲ. ಹಗಲು ಬೆಟಗೇರಿಯ ಒಂದು ಸೀರೆ ಅಂಗಡಿಯಲ್ಲಿ ಗಂಟು ಬಿಚ್ಚಿ ಕಟ್ಟುತ್ತ, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಮಿದುಳು, ನರ, ಲೆಕ್ಕಾಚಾರ ಇವುಗಳ ಬಗ್ಗೆ ಇಲ್ಲಿ ಬರೆದದ್ದೆಲ್ಲ ನಾನು ಕೆಲಸ ಮಾಡುವ ಮಾತಿನ ಚಿಕಿತ್ಸೆಯ ಕೇಂದ್ರದಲ್ಲಿ ತಿಳಿದವರು ಮಾತಾಡುವಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡದ್ದು. ತಪ್ಪಿದ್ದರೆ ಅದು ನನ್ನ ತಿಳಿವಳಿಕೆಯ ತಪ್ಪು. ಬಲ್ಲವರು ಯಾರಾದರೂ ಬರೆದಾರು ಎಂದು ಬಹಳ ದಿನ ಕಾದೆ. ಯಾರೂ ಬರೆಯಲಿಲ್ಲ.

ಆ ವರ್ಷಗಳಲ್ಲಿ ಬಂದ ಹೊಸ ಔಷಧ ಲಕ್ವ ಹೊಡೆದವರ ಜೀವ ಉಳಿಸುತ್ತಿತ್ತು. ಆದರೆ ಮಾತನ್ನು ಅರ್ಧ ಮಾತ್ರ ಉಳಿಸುತ್ತಿತ್ತು. ಪ್ರತಿ ಶಬ್ದದ ಮೊದಲ ಅಕ್ಷರ ನಾಲಿಗೆಗೆ ಬರುವುದು, ಉಳಿದದ್ದು ಒಳಗೇ ಉಳಿಯುವುದು. ‘ನೀರು ಕೊಡು’ ಎನ್ನಬೇಕಾದವರು ‘ನೀ... ಕೊ...’ ಎಂದು ನಿಲ್ಲುತ್ತಿದ್ದರು. ಅಷ್ಟಾದರೆ ಮನೆಯವರು ಊಹಿಸಿಯಾರು. ಐದಾರು ಶಬ್ದದ ಮಾತಾದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಅದಕ್ಕಾಗಿ ನಮ್ಮ ಕೇಂದ್ರ ಒಂದು ಡಬ್ಬಿ ಮಾಡಿತು. ಊಟದ ಡಬ್ಬಿಯಷ್ಟೇ ದೊಡ್ಡದು, ಹಾಸಿಗೆಯ ಪಕ್ಕ ಇಡುವಂಥದು. ರೋಗಿಯ ಬಾಯಿಂದ ಬಂದ ಅಕ್ಷರಗಳನ್ನು ಅದು ಕೇಳಿಸಿಕೊಳ್ಳುತ್ತದೆ. ಅವೇ ಅಕ್ಷರಗಳಿಂದ, ಅದೇ ಕ್ರಮದಲ್ಲಿ ಶುರುವಾಗುವ ಶಬ್ದಗಳ ಸಾಲು ಹಳೆಯ ಪುಸ್ತಕಗಳಲ್ಲಿ ಎಲ್ಲೆಲ್ಲಿ ಇದೆ ಎಂದು ಹುಡುಕುತ್ತದೆ. ಯಾವ ಸಾಲು ಹೆಚ್ಚು ಪುಸ್ತಕಗಳಲ್ಲಿ ಸಿಕ್ಕಿತೋ ಅದನ್ನು ರೋಗಿಯ ಸ್ವಂತ ದನಿಯಲ್ಲಿ ಹೇಳುತ್ತದೆ. ದನಿಯನ್ನು ಮನೆಯವರ ಫೋನಿನಲ್ಲಿದ್ದ ಮದುವೆ, ಬಸುರಿಯ ಕುಬಸದ ವಿಡಿಯೊಗಳಿಂದ ತೆಗೆಯುತ್ತಿದ್ದರು. ಹಳೆಯ ಪುಸ್ತಕಗಳೇ ಏಕೆ ಎಂದು ನಾನೂ ಕೇಳಿದ್ದೆ. ಹೊಸವಕ್ಕೆ ಹಕ್ಕುದಾರರಿದ್ದಾರೆ, ಹಳೆಯವಕ್ಕೆ ಕೇಳುವವರಿಲ್ಲ, ರೋಗಿಗಳೂ ಹಳೆಯ ಕಾಲದವರೇ ಎಂಬ ಉತ್ತರ ಬಂತು. ಆ ಪುಸ್ತಕಗಳ ಪುಟ ತಿರುವುವುದು ನನ್ನ ಕೆಲಸವಾಗಿತ್ತು. ಕ್ಯಾಮೆರಾದ ಕೆಳಗೆ ಪುಟ ಬಿಡಿಸಿಟ್ಟು, ಹುಳು ತಿಂದ ಕಡೆ ಶಬ್ದದ ಮೊದಲಕ್ಷರ ಸರಿಯಾಗಿ ಬಂದಿದೆಯೇ ಎಂದು ನೋಡಬೇಕು.

ಮೊದಮೊದಲು ನಗು ಇತ್ತು. ನಿವೃತ್ತ ಪೋಸ್ಟ್‌ಮನ್ ಒಬ್ಬರು ‘ಚಹಾ, ಸಕ್ಕರೆ ಹೆಚ್ಚು’ ಎನ್ನಲು ಹೋದರೆ ಡಬ್ಬಿ ಗಂಭೀರವಾಗಿ ‘ಚತುರಂಗಬಲ ಸಮರಕ್ಕೆ ಹೆಜ್ಜೆಯಿಡಲಿ’ ಎಂದಿತಂತೆ. ಅವರ ಹೆಂಡತಿ, “ಮೊದಲ ಚಾ ಕುಡೀರಿ, ಯುದ್ಧಕ್ಕ ಆಮ್ಯಾಲೆ ಹೋಗೀರಂತ” ಎಂದರಂತೆ. ಆದರೆ ಹತ್ತರಲ್ಲಿ ಏಳೆಂಟು ಮಾತು ಸರಿಯಾಗಿಯೇ ಬರುತ್ತಿತ್ತು. ಸತ್ತೇಹೋಯಿತು ಅಂದುಕೊಂಡ ದನಿ ಮನೆಯಲ್ಲಿ ಮತ್ತೆ ಕೇಳಿದರೆ ಜನ ಅಳುತ್ತಿದ್ದರು. ಎರಡನೆಯ ವರ್ಷಕ್ಕೆ ಸರ್ಕಾರದ ಆದೇಶ ಬಂತು. ಡಬ್ಬಿ ಹೇಳಿದ್ದನ್ನು ರೋಗಿಯ ಸ್ವಂತ ಮಾತೆಂದು ತಿಳಿಯಬೇಕು. ಜೀವ ಹೋಗುವ ಬರುವ ವಿಷಯವಾದರೆ, ಬೇರೆ ಬೇರೆ ದಿನ ಮೂರು ಸಲ ಅದೇ ಮಾತು ಬರಬೇಕು, ಮೂರನೆಯ ಸಲ ಆಸ್ಪತ್ರೆಯವರು ಎದುರಿಗಿರಬೇಕು.

ನಮ್ಮ ಅತ್ತೆ ದ್ಯಾಮವ್ವನಿಗೆ ಲಕ್ವ ಹೊಡೆದದ್ದು ಅದಾದ ಮೇಲೆ. ಮಗ್ಗದ ಮುಂದೆ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದವರು ರಾಟೆಯ ಮೇಲೇ ವಾಲಿದರು. ಬಲಗಡೆ ಪೂರ್ತಿ ಹೋಯಿತು. ನುಂಗಲು ಆಗದೆ ಮೂಗಿನಿಂದ ಕೊಳವೆ ಹಾಕಿ ಅಂಬಲಿ, ಹಾಲು ಇಳಿಸುತ್ತಿದ್ದೆವು. ಹೌದು, ಅಲ್ಲ ಎಂಬುದೂ ಅವರಿಗೆ ಕಲಸಿಹೋಗಿತ್ತು. ಏನು ಕೇಳಿದರೂ ತಲೆ ಆಡಿಸುತ್ತಿದ್ದರು. “ನಾ ಯಾರು, ನಿನ್ನ ಮಗ ಹೌದಲ್ಲೋ?” ಎಂದರೂ ಅದೇ, “ನಾ ಪಕ್ಕದ ಓಣಿ ಸಾಬಣ್ಣ ಹೌದಲ್ಲೋ?” ಎಂದರೂ ಅದೇ. ನಮ್ಮ ಮನೆಯವರು ನಗಿಸಲೆಂದು ಹಾಗೆ ಕೇಳಿ, ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದಿದ್ದರು.

ಡಬ್ಬಿ ತಂದ ದಿನ ಅತ್ತೆಯ ಮೊದಲ ಮಾತು, ‘ಮಗು ಉಂಡಳೇ?’ ಎಂಬುದು. ನಮ್ಮ ಮಗಳು ಮೇಘನಾ ಓಡಿಬಂದು, “ಉಂಡೀನಿ ಅಜ್ಜಿ, ನಿನಗಿಂತ ಜಾಸ್ತಿ ಉಂಡೀನಿ” ಎಂದಳು. ಆ ಮೇಲಿನ ಕೆಲವು ವಾರ ಮನೆಯಲ್ಲಿ ಒಳ್ಳೆಯ ದಿನಗಳಿದ್ದವು.

ಒಂದು ಸಂಜೆ ನನ್ನ ಮೈದುನ ಶಿವಪುತ್ರ ಬಂದಿದ್ದ. ಅವನು ಬಸ್ ಕಂಡಕ್ಟರ್. ಡ್ಯೂಟಿ ಮುಗಿದ ದಿನವೆಲ್ಲ ತಾಯಿಯ ಹತ್ತಿರ ಬಂದು ಕೂಡುವವನು, ಬೆನ್ನಿನ ಹುಣ್ಣು ತೊಳೆಯಲು ಹಿಂಜರಿಯದವನು. ಇದನ್ನು ಮೊದಲೇ ಹೇಳುತ್ತೇನೆ, ಮುಂದೆ ಓದುವವರು ಅವನನ್ನು ಕೆಟ್ಟವನೆಂದು ತಿಳಿಯಬಾರದು. ಅವನು ಕಾಲು ತಿಕ್ಕುತ್ತಿದ್ದಾಗ ಅತ್ತೆ ಬಾಯಿ ತೆರೆದರು. ಸದ್ದುಗಳು ಒಂದೊಂದಾಗಿ ಬಂದವು. ಡಬ್ಬಿ ಸ್ವಲ್ಪ ತಡೆದು ಹೇಳಿತು.

‘ಇನ್ನು ಈ ಬಾಳು ಸಾಕು, ನನ್ನನ್ನು ಕಳಿಸಿಕೊಡಿ.’

ಅತ್ತೆಯ ಎಡಗೈ ಸರಕ್ಕನೆ ಬಾಯಿಯ ಮೇಲೆ ಹೋಯಿತು.

“ಹಂಗ ಅನಬ್ಯಾಡ ಅವ್ವ,” ಎಂದ ಶಿವಪುತ್ರ. ಅವನ ಕೈ ತಾಯಿಯ ಪಾದದ ಮೇಲೇ ಇತ್ತು.

ನಾಲ್ಕು ದಿನಕ್ಕೆ ಅದೇ ಮಾತು ಮತ್ತೆ ಬಂತು. ಈ ಸಲ ನಾವೆಲ್ಲ ಇದ್ದೆವು. ಮತ್ತೆ ಅದೇ ಕೈ, ಅದೇ ಬಾಯಿ. ಶಿವಪುತ್ರ ಅಣ್ಣನನ್ನು ಪಡಸಾಲೆಗೆ ಕರೆದ. ಒಳಗೆ ನನಗೆ ಎಲ್ಲ ಕೇಳುತ್ತಿತ್ತು.

“ಆಸ್ಪತ್ರಿಗೆ ಹೇಳೂಣು ಅಣ್ಣ. ಕೊಳವಿ ತಗಸೂಣು.”

“ತಗದ್ರ ಎಷ್ಟು ದಿನ?”

“ಗೊತ್ತಿಲ್ಲ. ಆದ್ರ ಆಕಿ ಕೇಳಾಕತ್ತಾಳ. ನಾವು ಹೇಳಿದ್ದಲ್ಲ, ಡಾಕ್ಟರ್ ಹೇಳಿದ್ದಲ್ಲ. ಜೀವಮಾನದಾಗ ಆಕಿ ನಮ್ಮನ್ನ ಏನರ ಕೇಳ್ಯಾಳೇನು? ಒಂದು ಸೀರಿ ಕೇಳಿಲ್ಲ. ಇದೊಂದು ಕೇಳ್ಯಾಳ.”

ನಮ್ಮ ಮನೆಯವರು ಉತ್ತರ ಕೊಡಲಿಲ್ಲ. ಅವರು ಸುಮ್ಮನಾದರೆ ಒಪ್ಪಿದಂತೆ ಎಂದು ಶಿವಪುತ್ರನಿಗೂ ಗೊತ್ತು, ನನಗೂ ಗೊತ್ತು. ಮುಂದಿನ ಸೋಮವಾರ ಆಸ್ಪತ್ರೆಯವರು ಬರುವುದೆಂದು ನಿಶ್ಚಯವಾಯಿತು.

ನನಗೆ ಆ ಕೈ ಮರೆಯಲಾಗಲಿಲ್ಲ. ದುಃಖಕ್ಕೆ ಬಾಯಿ ಮುಚ್ಚಿಕೊಳ್ಳುವವರ ಕೈ ಹಾಗಿರುವುದಿಲ್ಲ. ಆದರೂ ನನ್ನ ಅನುಮಾನಗಳನ್ನು ನಾನೇ ನಂಬುವುದಿಲ್ಲ, ಎಲ್ಲದರಲ್ಲೂ ಏನೋ ಕಾಣುವ ಸ್ವಭಾವ ನನ್ನದು. ಹಾಗಾಗಿ ಕೇಂದ್ರಕ್ಕೆ ಹೋಗಿ ಅತ್ತೆಯ ದನಿ ತೆಗೆದ ವಿಡಿಯೊ ಹಾಕಿ ನೋಡಿದೆ. ಅದು ನನ್ನದೇ ಮದುವೆಯದು. ಹೆಂಗಸರೆಲ್ಲ ಸುತ್ತ ಕುಳಿತು, ಒಡಪಿನ ಪದ್ಯ ಕಟ್ಟಿ ಗಂಡನ ಹೆಸರು ಹೇಳೆಂದು ಒಬ್ಬೊಬ್ಬರನ್ನೇ ಕಾಡುತ್ತಿದ್ದಾರೆ. ಅತ್ತೆಯ ಸರದಿ ಬರುತ್ತದೆ. “ಹೇಳ ದ್ಯಾಮವ್ವ, ಯಾರೂ ಕೇಳಸ್ಕೊಳ್ಳೂದಿಲ್ಲ” ಎಂದು ಯಾರೋ ಚಾಷ್ಟಿ ಮಾಡುತ್ತಾರೆ. ಅತ್ತೆಯ ಎಡಗೈ ಸರಕ್ಕನೆ ಬಾಯಿಯ ಮೇಲೆ ಹೋಗುತ್ತದೆ. “ಅದೊಂದು ಬಿಟ್ಟು ಏನರ ಕೇಳ್ರಿ” ಎಂದು ಎದ್ದು ಅಡಿಗೆಮನೆಗೆ ಓಡುತ್ತಾರೆ.

ನಮ್ಮ ಮಾವನ ಹೆಸರು ಬಾಳಪ್ಪ. ಅವರು ತೀರಿ ಹತ್ತು ವರ್ಷವಾಗಿತ್ತು. ಅತ್ತೆ ಒಂದು ಸಲವೂ ಆ ಹೆಸರು ಹೇಳಿದವರಲ್ಲ. ಹೆಸರು ಮಾತ್ರವಲ್ಲ, ಆ ಅಕ್ಷರದಿಂದ ಶುರುವಾಗುವ ಯಾವ ಶಬ್ದವನ್ನೂ ಆಡುತ್ತಿರಲಿಲ್ಲ. ಬಾಗಿಲಿಗೆ ಕದ ಅನ್ನುತ್ತಿದ್ದರು. ಬಾಳೆಹಣ್ಣಿಗೆ ಸಿಪ್ಪಿಹಣ್ಣು. ಮಕ್ಕಳನ್ನು ‘ಬಾ’ ಎನ್ನದೆ ‘ಇತ್ಲಾಗ ಸರಿ’ ಎಂದು ಕರೆಯುವರು. ಅಜ್ಜನ ಹೆಸರೇನು ಎಂದು ಮೇಘನಾ ಕಾಡಿದರೆ, “ನಿಮ್ಮಪ್ಪನ ಆಧಾರ್ ಕಾರ್ಡಿನ್ಯಾಗ ಬರದೈತಿ, ಓದ್ಕೋ ಹೋಗು” ಎನ್ನುವರು. ಆ ಕಾಲದ ಹೆಂಗಸರಲ್ಲಿ ಇದೇನು ಅಪರೂಪವಲ್ಲ. ಇಷ್ಟು ಬರೆದರೂ ನಾನು ನನ್ನ ಗಂಡನ ಹೆಸರು ಬರೆದಿಲ್ಲ ಎಂದು ಓದುವವರಿಗೆ ಈಗಾಗಲೇ ಕಂಡಿರಬಹುದು. ಬಿ.ಎ. ಓದಿದರೂ ಕೈ ಮುಂದೆ ಹೋಗುವುದಿಲ್ಲ.

ಹಾಗಾದರೆ ‘ಬಾಳು’ ಎಂಬುದು ಎಲ್ಲಿಂದ ಬಂತು?

ಡಬ್ಬಿಗಳು ಕೇಳಿಸಿಕೊಂಡ ಸದ್ದುಗಳೆಲ್ಲ ಕೇಂದ್ರದಲ್ಲಿ ಉಳಿದಿರುತ್ತವೆ. ಅತ್ತೆಯ ಆ ಸಂಜೆಯ ಸದ್ದು ಹಾಕಿ ಕೇಳಿದೆ. ಇ. ಈ. ಆಮೇಲೆ ಉಸಿರು, ಮೌನ. ಸಾ. ನ. ಕ. ಮಗ್ಗುಲಿನ ಪರದೆಯಲ್ಲಿ ಡಬ್ಬಿ ಹುಡುಕಿದ ದಾರಿ ಕಾಣುತ್ತಿತ್ತು. ಮೌನದ ಜಾಗದಲ್ಲಿ ‘ಬಾ’ ಎಂಬ ಅಕ್ಷರ ಬೂದು ಬಣ್ಣದಲ್ಲಿತ್ತು. ಅದರ ಕೆಳಗೆ, ಆ ಸಾಲು ಸಿಕ್ಕ ಪುಸ್ತಕಗಳು. ಅವುಗಳಲ್ಲಿ ಹಲವನ್ನು ನಾನೇ ಪುಟ ತಿರುವಿದ್ದೆ. ಹಳೆಯ ಕಾದಂಬರಿಗಳು, ಸಾಂಸಾರಿಕ ಕಥೆಗಳು, ನಾಟಕಗಳು. ಅವುಗಳಲ್ಲಿ ಮುದುಕಿಯರು ಹೆಚ್ಚು ಮಾತಾಡುವುದಿಲ್ಲ. ಮಾತಾಡಿದರೆ ಕೊನೆಯ ಪುಟಗಳಲ್ಲಿ, ಹಾಸಿಗೆ ಹಿಡಿದಾಗ, ಕೊಂಚ ಆಚೀಚೆ ಇದೇ ಮಾತು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಮಂದಾಕಿನಿ ಹೊಸೂರ. ಅವರ ಕೋಣೆಗೆ ಹೋಗುವ ಮೊದಲು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದೆ.

“ಕೂಡ್ರಿ ಶಾರದಾ ಅವರ. ಏನ್ ಅಂತೀರಿ?”

ಎಲ್ಲ ಹೇಳಿದೆ. ಹೇಳಬೇಕಾದ್ದಕ್ಕಿಂತ ಹೆಚ್ಚೇ ಹೇಳಿದೆ, ಸಿಪ್ಪಿಹಣ್ಣಿನ ತನಕ. ಅವರು ನಗಲಿಲ್ಲ.

“ಆರು ಅಕ್ಷರದಾಗ ಐದು ಕೂಡಿದ್ರ ಆರನೇದನ್ನ ಪುಸ್ತಕದಿಂದ ತಗೋ ಅಂತ ಡಬ್ಬಿಗೆ ನಾವೇ ಕಲಸೀವಿ,” ಎಂದರು. “ಲಕ್ವದ ನಾಲಿಗಿ ನಡುನಡುವ ಎಡವತೈತಿ. ಮೊದಲ ಎರಡ್ಮೂರು ತಿಂಗಳು ಈ ಸಲಿಗಿ ಇರಲಿಲ್ಲ. ಡಬ್ಬಿ ದಿನಕ್ಕ ಒಂದ್ ಮಾತು ಆಡಿದ್ರ ಹೆಚ್ಚು. ಜನ ತಂದು ನನ್ನ ಮೇಜಿನ ಮ್ಯಾಲೆ ಇಟ್ಟು ಹೋದರು, ಮೂಕ ಡಬ್ಬಿ ನಿಮ್ಮ ಹತ್ರನ ಇರಲಿ ಅಂತ.”

“ಆದ್ರ ಇದು ಎಡವಿದ್ದಲ್ಲರಿ ಮೇಡಂ. ಆ ಅಕ್ಷರ ಅವರು ಆಡೂದಿಲ್ಲ.”

“ನಿಮ್ಮತ್ತಿ ಒಬ್ಬರದೇ ಹಂಗೈತೋ?”

ನಾನು ಉತ್ತರ ತಂದಿದ್ದೆ. ಬರುವ ಮುನ್ನ ಬೇರೆ ಮುದುಕಿಯರ ಸದ್ದುಗಳನ್ನೂ ಸ್ವಲ್ಪ ಸ್ವಲ್ಪ ಕೇಳಿದ್ದೆ. ಬಹಳ ಮಂದಿಯ ಮಾತಿನಲ್ಲಿ ಒಂದು ಅಕ್ಷರ ಎಲ್ಲೂ ಬರುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು. ಗಂಡಸರಲ್ಲಿ ಹಾಗಿರಲಿಲ್ಲ. ಅದನ್ನು ಹೇಳಿದಾಗ ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಿಟಕಿಯ ಹೊರಗೆ ಯಾರೋ ಸ್ಕೂಟರ್ ಶುರು ಮಾಡಲು ಒದೆಯುತ್ತಲೇ ಇದ್ದರು.

“ನಿಮ್ಮ ಮನೀ ಡಬ್ಬಿಗೆ ಸಲಿಗಿ ತಗೀತೀನಿ. ಇವತ್ತೇ. ಆರಕ್ಕ ಆರು ಕೂಡಿದ್ರಷ್ಟ ಮಾತಾಡತೈತಿ.”

“ಉಳಿದವರದು ಮೇಡಂ?”

“ಉಳಿದವರೊಳಗ ಈಗ ಯಾರ್ಯಾರು ಇನ್ನೂ ಜೀವಂತ ಅದಾರ,” ಎಂದು ಅವರು ನಿಧಾನವಾಗಿ ಹೇಳಿದರು, “ಅದನ್ನ ಮೊದಲ ನೋಡಬೇಕಲ್ಲರಿ. ನೋಡಾಕ ನನಗ ಧೈರ್ಯ ಸಾಲವಲ್ದು. ಹೊರಗ ಹೇಳಬ್ಯಾಡ್ರಿ ಸದ್ಯಕ್ಕ.”

ಸೋಮವಾರ ಆಸ್ಪತ್ರೆಯಿಂದ ಒಬ್ಬ ನರ್ಸಮ್ಮ, ಒಬ್ಬ ಅಧಿಕಾರಿ ಬಂದರು. ಅತ್ತೆಗೆ ಮೈ ಒರೆಸಿ ಇಳಕಲ್ ಸೀರೆ ಹೊದಿಸಿದ್ದೆ. ಕೊಳವೆ ಕೀಳುತ್ತಾರೆಂದು ಎಡಗೈಯನ್ನು ಮೆತ್ತನೆಯ ಬಟ್ಟೆಯಿಂದ ಮಂಚಕ್ಕೆ ಕಟ್ಟಿತ್ತು. ಕೊಳವೆ ಕೀಳುವುದು ‘ಕಳಿಸಿಕೊಡಿ’ ಎಂಬುದಕ್ಕೆ ಗುರುತು ಎಂದು ಶಿವಪುತ್ರ, ಎಲ್ಲ ರೋಗಿಗಳೂ ಕೀಳುತ್ತಾರೆ ಎಂದು ನರ್ಸಮ್ಮ. ಎಲ್ಲರೂ ಕಾದೆವು. ಚಹಾ ಮಾಡಿ ಕೊಟ್ಟೆ. ಅತ್ತೆ ನಮ್ಮನ್ನೆಲ್ಲ ಒಂದು ಸುತ್ತು ನೋಡಿ ಬಾಯಿ ತೆರೆದರು. ಇ. ಈ. ಮೌನ. ಸಾ. ನ. ಕ.

ಡಬ್ಬಿ ಈ ಸಲ ಬಹಳ ಹೊತ್ತು ತೆಗೆದುಕೊಂಡಿತು. ಆಮೇಲೆ ಅತ್ತೆಯ ದನಿಯಲ್ಲಲ್ಲ, ಯಂತ್ರದ ದನಿಯಲ್ಲಿ, ‘ಹೊಂದಿಕೆ ಸಿಗಲಿಲ್ಲ’ ಎಂದಿತು.

“ಮತ್ತೊಮ್ಮೆ ಕೇಳ್ರಿ,” ಎಂದರು ಅಧಿಕಾರಿ.

ಮತ್ತೊಮ್ಮೆಯೂ ಅದೇ. ಮಾತು ಬರದಿದ್ದರೆ ಕೊಳವೆ ತೆಗೆಯುವಂತಿಲ್ಲ ಎಂದು ಹೇಳಿ ಅವರು ಹೋದರು. ಸಲಿಗೆ ತೆಗೆಸಿದವಳು ನಾನೇ ಎಂದು ಆಗ ಹೇಳಿದೆ, ಏಕೆ ಎಂದೂ ಹೇಳಿದೆ. ಶಿವಪುತ್ರ ನನ್ನನ್ನೇ ನೋಡಿದ.

“ವೈನಿ, ಇಡೀ ಜನ್ಮ ಆಕಿ ಬಾಯಿ ಮುಚ್ಚಿಕೊಂಡ ಇದ್ಲು. ಈಗ ತೆರದ್ರ ನೀವು ಕಟ್ಟಿದ್ರಿ.”

“ಅದು ಅವರ ಮಾತಲ್ಲಪ್ಪ. ಪುಸ್ತಕದ್ದು.”

“ಮತ್ತ ಆಕಿದ್ಯಾವುದು? ಹೇಳ್ರಿ ಹಂಗಾರ. ನಿಮಗ ಗೊತ್ತಿದ್ರ ಹೇಳ್ರಿ.”

ನಮ್ಮ ಮನೆಯವರು ತಾಯಿಯ ಕೈಯ ಕಟ್ಟು ಬಿಚ್ಚಿ, ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, “ಇರ್ಲಿ ಬಿಡೊ, ಕೊಳವಿ ಇರ್ಲಿ” ಎಂದರು. ಅವರು ಬಾಯಿಬಿಟ್ಟು ಒಂದು ತೀರ್ಮಾನ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಶಿವಪುತ್ರ ಚಪ್ಪಲಿ ಮೆಟ್ಟಿ ಹೋದ. ಎಂಟು ದಿನ ಬರಲಿಲ್ಲ. ಬಂದ ಮೇಲೆ ಹುಣ್ಣು ತೊಳೆದ, ನನ್ನ ಜೊತೆ ಮಾತಾಡಲಿಲ್ಲ.

ಹೊರಗೆ ಹೇಳಬೇಡಿ ಎಂದಿದ್ದರೂ ಮಾತು ಓಣಿಗೆ ಬಿತ್ತು, ಯಾರಿಂದಲೋ ತಿಳಿಯದು. ಮುದುಕಿಯರು ಮದುವೆಗಳಲ್ಲಿ ಹಾಡುವುದನ್ನು ಬಿಟ್ಟರು. ಮೊಮ್ಮಕ್ಕಳು ಫೋನ್ ಎತ್ತಿದರೆ ಸೆರಗು ಎಳೆದುಕೊಂಡು ಎದ್ದು ಹೋಗುವರು. ದನಿ ಸಿಕ್ಕರೆ ತಾನೇ ಡಬ್ಬಿ, ಎಂದು ಒಬ್ಬಾಕೆ ನನಗೇ ಹೇಳಿದಳು. ಸೋಬಾನೆ ಹಾಡಲು ಜನ ಸಿಗದೆ ಮೊಬೈಲಿನಲ್ಲಿ ಹಾಕಿದ ಮದುವೆಗೆ ನಾನೂ ಹೋಗಿಬಂದೆ. ನೀರಿನ ನಲ್ಲಿಯ ಹತ್ತಿರವೂ ಹಿರಿಯರು ಕೈಸನ್ನೆಯಲ್ಲೇ ಕೊಡ ಮುಂದೆ ಸರಿಸುತ್ತಿದ್ದರು.

ಹೀಗಿರುವಾಗ ಗದಗಿನ ಆಚೆಯ ಒಂದು ಹಳ್ಳಿಯಿಂದ ಒಬ್ಬ ಹೆಂಗಸು ನಮ್ಮ ಮನೆ ಕೇಳಿಕೊಂಡು ಬಂದಳು. ನನ್ನದೇ ವಯಸ್ಸು. ಹೆಸರು ಕಸ್ತೂರೆವ್ವ ಎಂದಳು. ಅವಳ ತಾಯಿಯ ಕೊಳವೆ ತೆಗೆದು ಎರಡು ತಿಂಗಳಾಗಿತ್ತು. ಮೂರು ಸಲವೂ ಡಬ್ಬಿ ಹೇಳಿತ್ತು.

“ನಮ್ಮವ್ವ ನಮ್ಮಪ್ಪನ ಹೆಸರ ಹೇಳತಿದ್ದಿಲ್ರಿ,” ಎಂದಳು. “ಡಬ್ಬಿ ಹೇಳ್ತು. ಇನ್ನು ಸಾಕು, ನನ್ನನ್ನ ಶಿವನ ಪಾದಕ್ಕ ಸೇರಿಸ್ರಿ ಅಂತ. ನಮ್ಮಪ್ಪನ ಹೆಸರು ಶಿವಪ್ಪರಿ. ಅವ್ವ ಕಡೀಕರ ಬಾಯಿಬಿಟ್ಟು ಅಂದ್ಲಲ್ಲ ಅಂತ ನಮಗೆಲ್ಲ ಸಂತೋಷ ಆಗಿತ್ರಿ. ಅತ್ತಿವಿ, ಆದ್ರ ಸಂತೋಷದಿಂದ ಅತ್ತಿವಿ.”

ನಾನು ನೀರು ಕೊಟ್ಟೆ. ಅವಳು ಕುಡಿಯಲಿಲ್ಲ, ಲೋಟ ಹಿಡಿದುಕೊಂಡೇ ಕುಳಿತಳು.

“ನೀವು ಕೇಂದ್ರದಾಗ ಇರವರು. ಆ ಜಾಗದಾಗ ಅವ್ವ ಸುಮ್ಮನ ಇದ್ಲೋ ಏನು?”

ನಾನು ಅವಳ ತಾಯಿಯ ಸದ್ದು ಕೇಳಿದ್ದೆ. ಸುಳ್ಳು ಹೇಳಲು ಆಗಲಿಲ್ಲ. “ಸುಮ್ಮನ ಇದ್ದರು,” ಎಂದೆ.

ಅವಳು ತಲೆಯಾಡಿಸಿದಳು. ಅವಳ ಮುಖ ಬೀಳುತ್ತದೆ ಅಂದುಕೊಂಡಿದ್ದೆ. ಬೀಳಲಿಲ್ಲ.

“ಹಂಗಾರ ಸರಿ ಐತ್ರಿ. ಅಪ್ಪನ ಹೆಸರಿನ ಮಾತು ಬಂದಲ್ಲಿ ಆಕಿ ಮತ್ತ ಹ್ಯಾಂಗ ಇರ್ಬೇಕು? ಸುಮ್ಮನ ಇರ್ಬೇಕು. ಅದೇ ಮಾತು ಆಗಿದ್ದಕ್ಕನ ಸುಮ್ಮನ ಆಗ್ಯಾಳ. ನಾ ಹಂಗ ತಿಳ್ಕೊಂಡೀನಿ. ಇಲ್ಲಂದ್ರ ನಾ ಹ್ಯಾಂಗ ಇರ್ಲಿ, ಹೇಳ್ರಿ.”

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಅತ್ತೆಯ ಕೋಣೆಗೆ ಹೋದೆ. ಅವಳು ತನ್ನ ಜೀವ ಹಿಡಿದುಕೊಳ್ಳಲು ಹೇಳಿದ ಮಾತು ನನ್ನ ಕಾಲ ಕೆಳಗಿನ ನೆಲ ತೆಗೆದಿತ್ತು. ಚೆನ್ನಾಗಿದ್ದಾಗ ಅತ್ತೆ ಆ ಅಕ್ಷರ ಬಂದಲ್ಲಿ ಬೇರೆ ಶಬ್ದ ಹಾಕುತ್ತಿದ್ದರು. ಆದರೆ ಲಕ್ವ ಹೊಡೆದ ಮೇಲೆ ಆ ಬೇರೆ ಶಬ್ದಗಳೆಲ್ಲ ಅವರಿಗೆ ಉಳಿದಿದ್ದವೇ? ಹೇಳಬಾರದ್ದು ಎಂಬುದೊಂದೇ ಉಳಿದು, ಅದರ ಬದಲಿಗೆ ಹೇಳಬೇಕಾದ್ದು ಮರೆತುಹೋಗಿದ್ದರೆ? ಆಗ ಆ ಮೌನವೇ ‘ಬಾಳು’. ಡಬ್ಬಿ ಸರಿಯಾಗಿಯೇ ಹೇಳಿತ್ತು. ತನ್ನ ದನಿಯಲ್ಲಿ ಅದು ಹೊರಬಿದ್ದದ್ದಕ್ಕೆ ನಾಚಿ ಅತ್ತೆ ಬಾಯಿ ಮುಚ್ಚಿಕೊಂಡಿದ್ದರು, ಅಷ್ಟೆ.

“ಅತ್ತಿ,” ಎಂದೆ, “ಕೊಳವಿ ಇರೂದು ಬ್ಯಾಡೇನು ನಿಮಗ?”

ತಲೆ ಆಡಿಸಿದರು.

“ಇರ್ಲೇನು?”

ಅದಕ್ಕೂ ತಲೆ ಆಡಿಸಿದರು. ನನ್ನ ಕೆನ್ನೆಯ ಮೇಲೆ ಕೈಯಿಟ್ಟು, ಇ, ಈ, ಮೌನ, ಸಾ, ನ, ಕ ಎಂದರು. ಡಬ್ಬಿ ಹೊಂದಿಕೆ ಸಿಗಲಿಲ್ಲ ಎಂದಿತು. ನಾನು ಅದರ ಗುಂಡಿ ಒತ್ತಿ ಆರಿಸಿದೆ.

ಆಮೇಲೆ ಅತ್ತೆ ಯುಗಾದಿಯಿಂದ ದಸರಾವರೆಗೆ ಇದ್ದರು. ನೋವಿತ್ತು. ಹುಣ್ಣು ಮಾಯಲಿಲ್ಲ. ಮೇಘನಾ ಶಾಲೆಯಿಂದ ಬಂದಾಗ ಕಣ್ಣು ಅರಳುತ್ತಿತ್ತು, ಅದೂ ನಿಜ. ಆ ಸದ್ದುಗಳನ್ನು ಅದೇ ಕ್ರಮದಲ್ಲಿ ಕೊನೆಯ ವಾರದವರೆಗೂ ಹೇಳುತ್ತಲೇ ಇದ್ದರು, ಒಮ್ಮೊಮ್ಮೆ ನನ್ನ ಕೈ ಹಿಡಿದು, ಒಮ್ಮೊಮ್ಮೆ ಗೋಡೆಗೆ. ಶಿವಪುತ್ರ ಮಣ್ಣು ಕೊಟ್ಟು ಬಂದು ನನ್ನ ಹತ್ತಿರ ನಿಂತ. ಆಮೇಲೆ ಕೈಕಾಲು ತೊಳೆಯಲು ಹೋದ.

ಉಳಿದ ಡಬ್ಬಿಗಳು ಈಗಲೂ ಐದಕ್ಕೆ ಆರನೆಯದನ್ನು ತಾವೇ ಕೂಡಿಸಿ ಮಾತಾಡುತ್ತಿವೆ. ಡಾಕ್ಟರ್ ಮಂದಾಕಿನಿ ಮೇಲಿನವರಿಗೆ ಬರೆದಿದ್ದಾರೆಂದು ಕೇಳಿದ್ದೇನೆ, ಉತ್ತರ ಬಂದಿದೆಯೋ ಇಲ್ಲವೋ ಕೇಳಿಲ್ಲ. ಎಷ್ಟು ಮನೆಗಳಲ್ಲಿ ಪುಸ್ತಕದ ಮಾತು ನಡೆದುಹೋಯಿತು, ಎಷ್ಟರಲ್ಲಿ ಅದು ಮನುಷ್ಯರ ಮಾತೇ ಆಗಿತ್ತು, ಇದನ್ನು ತಿಳಿಯುವ ದಾರಿ ನನಗೆ ಕಾಣುವುದಿಲ್ಲ. ನಮ್ಮ ಅತ್ತೆ ಏನು ಕೇಳುತ್ತಿದ್ದರು ಎಂಬುದೂ ನನಗೆ ಗೊತ್ತಿಲ್ಲ. ಇರಲು ಕೇಳಿದರೋ, ಹೋಗಲು ಕೇಳಿದರೋ, ಅಥವಾ ಬೇರೆ ಏನನ್ನೋ, ನಾನು ಎದ್ದು ಕೈಗೆ ತೆಗೆದುಕೊಡಬಹುದಾಗಿದ್ದ ಏನೋ ಒಂದನ್ನು ಕೇಳಿದರೋ, ಗೊತ್ತಿಲ್ಲ.